ಬಿಡಿಯಾಗಿ ಮಾರಿದ ಸಿಗರೇಟು

ಚಿಕ್ಕೀರಪ್ಪನೆಂಬ ಶಿಷ್ಯ ಗುರುಗಳನ್ನು ಕೇಳಿದ: “ಸ್ವಾಮಿ, ನನ್ನ ಮಗನಿಗೆ ಹದಿನಾರು ವರ್ಷ. ಆಗಲೇ ಸಿಗರೇಟು ಸೇದುತ್ತಾನೆ. ಪ್ಯಾಕಿನ ಮೇಲೆ ಕೊಳೆತ ಬಾಯಿಯ ಚಿತ್ರವಿದೆ, ಸಾವು ಬರುತ್ತದೆಂದು ಬರೆದಿದೆ. ಅಷ್ಟು ದೊಡ್ಡ ಎಚ್ಚರಿಕೆ ಈ ಹುಡುಗರ ಕಣ್ಣಿಗೆ ಏಕೆ ಬೀಳುವುದಿಲ್ಲ?”

ಗುರುಗಳು ನಕ್ಕರು. “ಪ್ಯಾಕು ಕೈಗೆ ಬಂದರಲ್ಲವೇ ಕಣ್ಣಿಗೆ ಬೀಳುವುದು? ಕೇಳು” ಎಂದು ಕತೆ ಹೇಳಿದರು.

ಒಂದು ಹೈಸ್ಕೂಲಿನ ಹತ್ತಿರ ಪೆಟ್ಟಿಗೆ ಅಂಗಡಿಯವನೊಬ್ಬನಿದ್ದ. ಹುಡುಗರು ಇಡೀ ಪ್ಯಾಕು ಎಲ್ಲಿ ಕೊಳ್ಳುತ್ತಾರೆ? ಒಂದೊಂದೇ ಕೇಳುತ್ತಿದ್ದರು, ಇವನು ಒಂದೊಂದೇ ಎಳೆದು ಕೊಡುತ್ತಿದ್ದ. ಸಿಗರೇಟು ಹುಡುಗನ ಜೊತೆ ಹೋಗುತ್ತಿತ್ತು, ಎಚ್ಚರಿಕೆ ಅಂಗಡಿಯಲ್ಲೇ ಉಳಿಯುತ್ತಿತ್ತು. ಮಹಾನುಭಾವ ದಿನಕ್ಕೆ ನೂರು ಸಲ ಅದನ್ನು ನೋಡುತ್ತಿದ್ದ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಅಷ್ಟೇ. ತಾನು ಸೇದುವವನಲ್ಲ, ಇದು ತನಗೆ ಬರೆದದ್ದಲ್ಲ ಎಂದು ಅವನು ತಿಳಿದಿದ್ದ.

ಅವನ ಗಿರಾಕಿಗಳಲ್ಲಿ ಒಬ್ಬ ಹುಡುಗ ಕಬಡ್ಡಿಯಲ್ಲಿ ಗಟ್ಟಿಗ. ಜಿಲ್ಲಾ ತಂಡ ಸೇರಬೇಕೆಂಬುದೊಂದೇ ಅವನ ಹಂಬಲ. ಒಂದು ಪಂದ್ಯದಲ್ಲಿ ಮೂವರನ್ನು ಮುಟ್ಟಿ ಹಿಂದಿರುಗುತ್ತಿದ್ದ. ಗೆರೆಗೆ ಇನ್ನೊಂದೇ ಹೆಜ್ಜೆ. ‘ಕಬಡ್ಡಿ, ಕಬಡ್ಡಿ’ ಎನ್ನುತ್ತಿದ್ದ ದನಿ ಅಲ್ಲೇ ನಿಂತಿತು. ಉಸಿರು ಸಾಲದೆ ಹುಡುಗ ಔಟಾದ, ತಂಡ ಸೋತಿತು. ಜಿಲ್ಲಾ ತಂಡದ ಆಯ್ಕೆಗೆ ಎರಡೇ ತಿಂಗಳಿತ್ತು. ನೋಡುತ್ತಿದ್ದ ಜನರಲ್ಲಿ ಅಂಗಡಿಯವನೂ ಇದ್ದ. ಆ ಉಸಿರು ಕಡಿದವನು ತಾನೇ ಎಂದು ಅವನಿಗೆ ಅನ್ನಿಸಿತು.

ಮರುದಿನ ಹುಡುಗ ಬಂದು ಕೈಚಾಚಿದ. ಅಂಗಡಿಯವನು ಪ್ಯಾಕನ್ನು ಒಳಗಿಟ್ಟ.

“ದುಡ್ಡಿಗೆ ಕೊಡಲ್ಲ. ಕಬಡ್ಡಿ ಅಂತ ಹೇಳ್ತಾ ಆ ಹುಣಸೆಮರ ಮುಟ್ಟಿ ಬಾ, ಒಂದೇ ಉಸಿರಲ್ಲಿ. ಬಂದರೆ ಬಿಟ್ಟಿ ಕೊಡ್ತೀನಿ.”

“ಅಷ್ಟೇನಾ ಮಾವ?” ಎಂದು ಹುಡುಗ ಓಡಿದ. ಮರ ಮುಟ್ಟುವ ಮೊದಲೇ ಕೆಮ್ಮು ಹತ್ತಿತು.

ಛಲದ ಹುಡುಗ. ಮರುದಿನ ಬಂದ, ಅದರ ಮರುದಿನವೂ ಬಂದ. ಬೇರೆ ಅಂಗಡಿ ಇರಲಿಲ್ಲವೇ ಎಂದು ಕೇಳಬೇಡ, ಬೀದಿಗೊಂದಿತ್ತು. ಆದರೆ ಅಲ್ಲಿ ಸೇದಿ ಬಂದ ದಿನ ಉಸಿರು ಹತ್ತು ಹೆಜ್ಜೆ ಮೊದಲೇ ಮುಗಿಯುತ್ತಿತ್ತು. ಇದನ್ನು ಅವನಿಗೆ ಯಾರೂ ಹೇಳಿಕೊಡಲಿಲ್ಲ, ಅವನ ಎದೆಯೇ ಹೇಳಿತು. ಪಂಥ ಗೆಲ್ಲಬೇಕೆಂದು ಸೇದುವುದನ್ನು ಬಿಟ್ಟ. ಮೊದಮೊದಲು ಬಹಳ ಕಷ್ಟಪಟ್ಟ.

ಒಂದು ಬೆಳಿಗ್ಗೆ ಮರ ಮುಟ್ಟಿದ, ತಿರುಗಿದ, ಅಂಗಡಿಯ ಮುಂದೆ ಬಂದು ನಿಂತ. ದನಿ ನಿಂತಿರಲಿಲ್ಲ. ಕೊಟ್ಟ ಮಾತು ಮಾತೇ ತಾನೇ, ಅಂಗಡಿಯವನು ಸಿಗರೇಟನ್ನು ಮುಂದೆ ಚಾಚಿದ. ಹುಡುಗ ಬೇಡವೆಂದು ತಲೆಯಾಡಿಸಿದ, ಬಾಯಲ್ಲಿ ಇನ್ನೂ ಕಬಡ್ಡಿ ನಡೆದೇ ಇತ್ತು. ಹಾಗೆಯೇ ಅಂಗಡಿಯನ್ನು ಒಂದು ಸುತ್ತು ಹಾಕಿ ಬಂದು ಆಮೇಲೆ ಉಸಿರು ಬಿಟ್ಟ. ಅಂಗಡಿಯವನು ಕೆಳಗೆ ಹಾರಿ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದ. ಆ ವರ್ಷ ಹುಡುಗ ಜಿಲ್ಲಾ ತಂಡ ಸೇರಿದ. ಆ ಅಂಗಡಿಯಲ್ಲಿ ಮತ್ತೆ ಸಿಗರೇಟು ಮಾರಲಿಲ್ಲ.

ಚಿಕ್ಕೀರಪ್ಪ ಹಿಗ್ಗಿದ. “ನಮ್ಮ ಬೀದಿಯ ಅಂಗಡಿಯವನಿಗೂ ಇಂಥ ಬುದ್ಧಿ ಬರಬೇಕು ಸ್ವಾಮಿ. ಇವತ್ತೇ ಹೋಗಿ ಅವನಿಗೆ ಹೇಳುತ್ತೇನೆ.”

“ಹೇಳು. ಆದರೆ ನೀನು ಸೇದುವ ಸಿಗರೇಟು ತರಲು ಇಷ್ಟು ವರ್ಷ ಆ ಅಂಗಡಿಗೆ ಯಾರನ್ನು ಓಡಿಸುತ್ತಿದ್ದೆ, ಚಿಕ್ಕೀರಪ್ಪ?” ಎಂದರು ಗುರುಗಳು.