ದೊರೆಯ ಮೊದಲ ತುತ್ತು

ಪಾಳೆಯಗಾರ ದೊರೆಯ ಊಟದಲ್ಲಿ ವಿಷವಿದೆಯೇ ಎಂದು ಮೊದಲು ಉಂಡು ನೋಡುವುದು ಇನ್ನಾಸಪ್ಪನ ಚಾಕರಿ. ಒಂದು ಮಧ್ಯಾಹ್ನ ದೊರೆ ಆಸ್ಥಾನದ ಪಂಡಿತರ ಮುಂದೆ ಅವನನ್ನು ಗದರಿದರು.

“ನಿಮ್ಮ ಏಸುಸ್ವಾಮಿ ಶಿಲುಬೆಯ ಮೇಲೆ ಸತ್ತು ಮಿಕ್ಕವರನ್ನು ಬದುಕಿಸಿದನಂತೆ. ಇದು ತರ್ಕಕ್ಕೆ ನಿಲ್ಲದು ಅಂತಾರೆ ಪಂಡಿತರು. ನನ್ನ ಊಟ ಮುಗಿಯುವುದರೊಳಗೆ ಇವರನ್ನು ಒಪ್ಪಿಸು. ಇಲ್ಲದಿದ್ದರೆ ನಿಮ್ಮ ಗುಡಿಗೆ ಬೀಗ.”

ಇನ್ನಾಸಪ್ಪ ದೊರೆಯ ಎಲೆಗೆ ಬಡಿಸಿದ. ಆದರೆ ತಾನು ಒಂದಗುಳೂ ಮುಟ್ಟದೆ ದೂರ ನಿಂತ.

ದೊರೆಯ ಕೈ ಅನ್ನದ ಮೇಲೆ ನಿಂತಿತು. “ನೀನು ಉಣ್ಣಲಿಲ್ಲವಲ್ಲ?”

“ನಾನು ಸತ್ತರೆ ತಾವು ಹೇಗೆ ಬದುಕುತ್ತೀರಿ, ಬುದ್ಧಿ? ಅದೂ ತರ್ಕಕ್ಕೆ ನಿಲ್ಲದು.”

ದೊರೆ ಎಲೆಯನ್ನು ಪಂಡಿತರತ್ತ ಸರಿಸಿದರು. ಪಂಡಿತರಿಗೆ ಅಂದು ಏಕಾದಶಿಯೆಂದು ನೆನಪಾಯಿತು.

ದೊರೆ ಎಲೆಯನ್ನು ಇನ್ನಾಸಪ್ಪನತ್ತ ತಳ್ಳಿದರು. “ಬೀಗ ಬೇಡ, ಇನ್ನಾಸ,” ಎಂದರು. “ಒಂದು ತುತ್ತು ಉಣ್ಣಪ್ಪ.”