ಪರಪ್ಪ ಓದಿ ನಡೆಸಿದ ಬಳೆ ಅಂಗಡಿ

ನಗೋದಿದ್ದರೆ ಈಗಲೇ ನಕ್ಕುಬಿಡಿ. ಕತೆ ಮುಗಿಯೋ ಹೊತ್ತಿಗೆ ನನಗೇ ನಗು ಬರೋದಿಲ್ಲ.

ಒಂದೂರಲ್ಲಿ ಬಳೆಗಾರ್ತಿ ನೀಲವ್ವ. ಅವಳಿಗೊಬ್ಬನೇ ಮಗ ಪರಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಅದೇ ಅವನ ರೋಗ. ಕೈ ಮಾತ್ರ ಬೆಣ್ಣೆ. ಅವನು ಬಳೆ ಇಟ್ಟರೆ ಎಳೇ ಹುಡುಗಿಯೂ 'ಹಾ' ಅನ್ನುತ್ತಿರಲಿಲ್ಲ. ತಾಯಿ ಅದನ್ನೊಂದು ಗುಣ ಅಂತ ಎಣಿಸಲೇ ಇಲ್ಲ. ಅವಳ ಕಣ್ಣು ಮಂಜಾಗುತ್ತಿತ್ತು, ಅಂಗಡಿ ಮಗನ ಕೈಲಿ ಉಳಿದೀತೇ ಅನ್ನೋ ಚಿಂತೆ ಹತ್ತಿತ್ತು.

ತೀರಿಹೋದ ಗಂಡ ಒಂದು ಪೆಟ್ಟಿಗೆ ತುಂಬ ಪುಸ್ತಕ ಬಿಟ್ಟಿದ್ದ. ರಾಜರ ಇತಿಹಾಸ, ಕತೆ, ಕಾದಂಬರಿ. ಗಿರಾಕಿ ಇಲ್ಲದಾಗ ಓದುತ್ತಿದ್ದ, "ಯಾಪಾರ ನಾ ಇದರಾಗ ಕಲ್ತೆ" ಅನ್ನುತ್ತಿದ್ದ. ನೀಲವ್ವನಿಗೆ ಅಕ್ಷರ ಬಾರದು.

"ನೀನೂ ಓದೋ ಪರಪ್ಯಾ! ಮಂದಿ ಬಂದಾಗ ರಾಜರು ಏನ್ ಮಾಡಿದ್ರು, ಹಂಗ ಮಾಡು!"

ಓದಿದ. ಪಂಚಮಿ ಹಬ್ಬದ ಮುಂದೆ ಹೆಂಗಸರು ಗುಂಪುಗಟ್ಟಿ ಬಂದರು. ಪರಪ್ಪ ದಡಾರನೆ ಬಾಗಿಲು ಹಾಕಿದ, ಅಗುಳಿ ಜಡಿದ, ಮಾಳಿಗೆ ಹತ್ತಿ ಕೂಗಿದ.

"ಆರು ತಿಂಗಳಿಗೆ ಸಾಕಾಗೂವಷ್ಟು ಜ್ವಾಳ ಐತಿ! ನಾವು ಶರಣಾಗಂಗಿಲ್ಲ!"

ಬಂದವರು ಬೈದುಕೊಂಡು ಹೋದರು. ನೀಲವ್ವ ಹಣೆ ಬಡಿದುಕೊಂಡಳು. "ಅವರು ದಂಡಲ್ಲೋ ಹುಚ್ಚಾ! ಗಿರಾಕಿ! ನಗಿಸಿ ಕಳಸ್ಬೇಕು! ಕೈ ಬಿಚ್ಚಿ ಕೊಡೂ ರಾಜನ ಕತಿ ಓದು!"

ಓದಿದ. ಆ ರಾಜ ಮುಂಜಾನೆ ಮೊದಲು ಬಂದವರಿಗೆ, ಅವರು ಚೆಂದ ಅಂದದ್ದನ್ನೆಲ್ಲ ಕೊಡುತ್ತಿದ್ದನಂತೆ. ಮರುದಿನ ಬೋಣಿಗೆ ಬಂದವಳು ಹಪ್ಪಳದ ಕಾಳವ್ವ, ಹಸಿರು ಬಳೆ ಒಂದು ಡಜನ್ ಸಾಕು ಅಂತ ಬಂದವಳು.

"ಎಲ್ಲಾ ಚೆಂದ ಅದಾವಲ್ಲೋ ತಮ್ಮಾ!" ಅಂದಳು.

"ಎಲ್ಲಾ ತಗೋರಿ!" ಅಂತ ಒಂದು ಪೆಟ್ಟಿಗೆ ಪೂರ್ತಿ ಅವಳ ಸೆರಗಿಗೆ ಸುರಿದ. ಕಾಳವ್ವ ತಿರುಗಿ ನೋಡದೆ ಓಡಿದಳು.

"ಬೋಣಿ ಹೊತ್ನ್ಯಾಗ ಬಿಟ್ಟಿ ಕೊಟ್ಯಾ!" ನೀಲವ್ವ ಅತ್ತೇಬಿಟ್ಟಳು. "ನಮ್ಮದು ಮತ್ತೊಬ್ಬರ ಕೈ ಸೇರಬಾರ್ದೋ! ಸೇರದಂಗ ಯಾವ ರಾಜ ಮಾಡಿದ್ನೋ, ಅದನ್ನ ಓದು!"

ಓದಿದ. ಅಷ್ಟರಲ್ಲಿ ಎದುರಿನ ಖಾಲಿ ಮಳಿಗೆಗೆ ಸುಣ್ಣ ಬಿತ್ತು, ಯಾರೋ ಪರವೂರಿನವನು ಹಲಗೆ ಜೋಡಿಸತೊಡಗಿದ. ಪುಸ್ತಕದಲ್ಲೋ, ವೈರಿ ಬರುತ್ತಾನೆಂದು ಒಬ್ಬ ರಾಜ ಒಂದು ಕಾಳೂ ಅವನಿಗೆ ದಕ್ಕದ ಹಾಗೆ ತನ್ನ ಬೆಳೆಯನ್ನೇ ಸುಟ್ಟಿದ್ದ! ತಾಯಿ ಸಂತೆಗೆ ಹೋದದ್ದೇ ತಡ, ಎದುರಿನವನೇ ವೈರಿ ಅಂದುಕೊಂಡ ಪರಪ್ಪ ಅಂಗಡಿಯ ಬಳೆಯನ್ನೆಲ್ಲ ಹಿತ್ತಲ ಹಾಸುಗಲ್ಲಿಗೆ ಸುರಿದು ಒನಕೆ ತಗೊಂಡ.

ನೀಲವ್ವ ಬಂದಾಗ ಒಂದು ಬಳೆಯೂ ಉಳಿದಿರಲಿಲ್ಲ. ಬಾಗಿಲಲ್ಲಿ ಎದುರಂಗಡಿಯವನು ಕೈಮುಗಿದು ನಿಂತಿದ್ದ.

"ಯವ್ವಾ, ನಾ ರೇವಣೆಪ್ಪ. ಚಪ್ಪಲಿ ಅಂಗಡಿ ತೆರಿಲಿಕ್ಕತ್ತೀನ್ರಿ. ನಾಳೆ ಪೂಜಿಗೆ ಬರೂ ಮುತ್ತೈದೇರಿಗೆಲ್ಲಾ ನಿಮ್ಮಲ್ಲೇ ಬಳಿ ಇಡಸಬೇಕಂತ ಮಾಡೀನಿ. ನಿಮ್ಮ ಮಗನ ಕೈ ಭಾಳ ಮೆತ್ತಗಂತ್ರೀ, ಊರಾಗೆಲ್ಲಾ ಅಂತಾರ. ಬಳಿ ಅವನೇ ಇಡಲಿ."

ನೀಲವ್ವ ಅಂಗಡಿ ಕಟ್ಟೆಯ ಮೇಲೆ ಕುಸಿದಳು. ಗಂಡನ ನೆನಪಾಯಿತು. ಅವನು ಒಂದು ಪುಟ ಓದುತ್ತಿದ್ದ, ಗಿರಾಕಿ ಬಂದರೆ ಪುಸ್ತಕ ಮುಚ್ಚುತ್ತಿದ್ದ, ಬಂದವಳ ಮುಖ ನೋಡುತ್ತಿದ್ದ. 'ಓದು ಅಂದೆ. ಓದಿ ಮುಚ್ಚು, ಮುಖ ನೋಡು ಅನ್ನಲಿಲ್ಲ. ಮಗನಿಗಿದ್ದ ಮೆತ್ತನೆ ಕೈಯನ್ನೂ ನಾ ನೋಡಲಿಲ್ಲ' ಅಂತ ಮರುಗಿದಳು.

ಕಣ್ಣೊರೆಸಿಕೊಂಡು ಹಿತ್ತಲಿಗೆ ಹೋದಳು. ಪರಪ್ಪ ಸಾಲು ತೆಗೆದು ಗಾಜಿನ ಚೂರು ಬಿತ್ತಿ, ತಂಬಿಗೆಯಿಂದ ನೀರು ಹಾಕುತ್ತಿದ್ದ. ಆ ಮೆತ್ತನೆ ಬೆರಳುಗಳಲ್ಲಿ ರಕ್ತ.

"ಅಳಬ್ಯಾಡ ಯವ್ವಾ," ಅಂದ. "ಕಡೀ ಪುಟಾನೂ ಓದೀನಿ. ಸುಟ್ಟ ಹೊಲದಾಗ ಮರುವರ್ಷ ಎರಡರಷ್ಟು ಬೆಳೀತಂತ. ಹಸರು ಬಳಿ ಮೊದಲ ಬಿತ್ತೀನಿ."