ಟಂಟಂ ಪಕ್ಕದ ಹಂಚಿಕೆ ಸೈಕಲ್ಲು

ವಾಹನ ಹಂಚಿಕೊಳ್ಳುವುದನ್ನು ಸಣ್ಣ ಊರುಗಳು ನಗರದಿಂದಲೇ ಕಲಿಯಬೇಕೆಂದು ಆಗ ಎಲ್ಲರೂ ನಂಬಿದ್ದರು. ಹಾಗೆ ಕಲಿಸಲೆಂದು ನಗರದಿಂದ ಈ ಊರಿನ ಸ್ಟ್ಯಾಂಡಿಗೆ ಬಂದ ಹಂಚಿಕೆ ಸೈಕಲ್ಲನ್ನು ತಿಂಗಳಾದರೂ ಯಾರೂ ಹತ್ತಲಿಲ್ಲ. ಇವತ್ತೂ ಹತ್ತದಿದ್ದರೆ ಅದು ಗುಜರಿಗೆ. ತಲೆಬುಡ ತಿಳಿಯದೆ ಅದು, ಜನ ತುಂಬಿಸಿಕೊಂಡು ಓಡುವ ಟಂಟಂ ಆಟೋವನ್ನು ಕೇಳಿತು:

"ಅಣ್ಣಾ, ಫೋನು ತೋರಿಸಿ ಬೀಗ ತೆಗೆದ ಕೂಡಲೇ ನಾನು ಹೊರಡುತ್ತೇನೆ. ನೀನು ತುಂಬುವ ತನಕ ಕದಲುವುದಿಲ್ಲ. ಆದರೂ ಎಲ್ಲರೂ ನಿನ್ನ ಹತ್ತಿರವೇ ಯಾಕೆ?"

"ನನಗೇನ್ ಗೊತ್ತೋ ತಮ್ಮಾ! ನಾನು ಸಾಲಿ ಕಲಿತಾಂವ ಅಲ್ಲ."

ಅಷ್ಟರಲ್ಲಿ ಅದೇ ಊರಿನ ನೀಲವ್ವ ತನ್ನ ಸೊಸೆ, ಎರಡು ಕೂಸು, ಬುಟ್ಟಿ ಸಮೇತ ಬಂದಳು. ಸೈಕಲ್ಲು ಗಂಟೆ ಬಾರಿಸಿ, "ಬನ್ನಿ ತಾಯೀ, ಹಂಚಿಕೊಳ್ಳೋಣ" ಎಂದಿತು.

ನೀಲವ್ವ ಅದರ ಸುತ್ತ ಒಮ್ಮೆ ನಡೆದು ನೋಡಿ, ಟಂಟಂ ಹತ್ತಿದಳು.

ಸೈಕಲ್ಲಿಗೆ ಇದ್ದದ್ದು ಒಂದೇ ಸೀಟು.